ಮುಡಿಪು ಬಿಚ್ಚಿದ ಸಿನಿಮಾ

ಪುಟ್ಟೀ, ಮಿನ್ನೀ, ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ಕಷ್ಟವಾದರೆ ನಿಮ್ಮಪ್ಪನ ಕೈಲಿ ಓದಿಸಿಕೊಳ್ಳಿ. ಪುಟ್ಟಿ, ದೊಡ್ಡಜ್ಜಿ ಸತ್ತದ್ದು ನಿನ್ನಿಂದ ಎಂದು ನೀನು ಇನ್ನೂ ಅಂದುಕೊಂಡಿದ್ದೀಯ. ಮೊನ್ನೆ ದೇವರ ಗೂಡಿನಲ್ಲಿ ದೀಪ ಹಚ್ಚು ಎಂದಾಗ ಕೈ ಹಿಂದಕ್ಕೆ ಎಳೆದುಕೊಂಡೆಯಲ್ಲ, ಆಗ ನನಗೆ ಗೊತ್ತಾಯಿತು.

ದೊಡ್ಡಜ್ಜಿ ಎಂದರೆ ನನ್ನ ಅಕ್ಕ. ತಾಯಿಯಿಲ್ಲದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಕೊರೋನಾ ಬಂದು ಅವಳನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದಾಗ ನಾನು ಈ ಪರದೇಶದ ಲೂಕನ್ನಿನಲ್ಲಿ ನಿಮ್ಮ ಜೊತೆ ಸಿಕ್ಕಿಬಿದ್ದಿದ್ದೆ. ವಿಮಾನಗಳು ನಿಂತು ಹೋಗುವ ದಾರಿಯೇ ಇರಲಿಲ್ಲ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮುಡಿಪು ಕಟ್ಟುತ್ತಾರೆ, ಅರಿಶಿನದ ಬಟ್ಟೆಯಲ್ಲಿ ಕಾಸಿಟ್ಟು ಗಂಟು ಹಾಕಿ ಹರಕೆ ಹೊರುವುದು. ಬೇಡಿದ್ದು ನಡೆದ ಮೇಲೆ ಅದನ್ನು ದೇವರಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಬಿಚ್ಚಬಾರದು. ಅಪ್ಪನ ಕರ್ಚೀಫನ್ನು ಅರಿಶಿನದಲ್ಲಿ ಅದ್ದಿದೆ. ಕೈಗೆ ರೂಪಾಯಿ ಸಿಗಲಿಲ್ಲ, ಒಂದು ಯೂರೋ ಇಟ್ಟು ಕಟ್ಟಿ ದೇವರ ಗೂಡಿನಲ್ಲಿಟ್ಟೆ. ಅಕ್ಕ ಮನೆಗೆ ಬರಲಿ ಎಂದು ಬೇಡಿಕೊಂಡೆ.

ಸ್ಕೂಲಿಲ್ಲದೆ ನೀವಿಬ್ಬರೂ ಆಗ ಫೋನಿನಲ್ಲೇ ದೆವ್ವದ ಸಿನಿಮಾ ತೆಗೆಯುತ್ತಿದ್ದಿರಿ. ಟಾರ್ಚು, ಬೆಡ್‌ಶೀಟು, ರಕ್ತಕ್ಕೆ ಟೊಮೆಟೊ ಸಾಸು, ಇಷ್ಟೇ ಬಂಡವಾಳ. ಕಥೆಯಲ್ಲಿ ಒಬ್ಬ ಮುದುಕಿ ಮಂತ್ರದ ಗಂಟು ಬಿಚ್ಚಿ ಸತ್ತವರನ್ನು ಕರೆಯುತ್ತಾಳೆ. ಸತ್ತವರು ಬಂದು ಮನೆಯವರಲ್ಲಿ ಒಬ್ಬರನ್ನು ಕರೆದೊಯ್ಯುತ್ತಾರೆ. ಮುದುಕಿ ನಾನು.

ಆ ದಿನ ಊಟ ಮುಗಿಸಿದ ಕೂಡಲೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪರದೆ ಎಳೆದಿರಿ. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ.

“ಅಯ್ಯೋ ಅಜ್ಜಿ, ಫೇಸ್ ತೋರ್ಸಿ! ದೆವ್ವ ನಾನು, ನೀವಲ್ಲ,” ಎಂದಳು ಬೆಡ್‌ಶೀಟಿನೊಳಗಿಂದ ಮಿನ್ನಿ.

“ಕಣ್ಮುಚ್ಕೊಂಡು ‘ಬಾ, ವಾಪಸ್ ಬಾ’ ಅನ್ನಿ ಅಜ್ಜಿ, ಅಷ್ಟೇ,” ಎಂದೆ ನೀನು, ಪುಟ್ಟಿ.

ಕಣ್ಣು ಮುಚ್ಚಿದೆ. ಅಂದೆ. ಆಟಕ್ಕೆ ಅಂದದ್ದಲ್ಲ. ಆಸ್ಪತ್ರೆಯಲ್ಲಿದ್ದ ಅಕ್ಕನನ್ನೇ ಕರೆದೆ. ಕಣ್ಣು ಬಿಟ್ಟರೆ ನನ್ನ ಮಡಿಲಲ್ಲಿ ಹಳದಿ ಬಟ್ಟೆ ಹರಡಿಕೊಂಡು ಬಿದ್ದಿತ್ತು, ಅದರ ಮೇಲೆ ಆ ಯೂರೋ.

ಕಿರುಚಿದೆ.

“ಕಟ್! ಸೂಪರ್ ಅಜ್ಜಿ, ಗ್ರ್ಯಾಂಡ್!” ಎಂದು ಕುಣಿದೆ ನೀನು. “ಗೂಡಲ್ಲಿದ್ದ ಗಂಟು ತುಂಬಾ ಟೈಟಿತ್ತು, ನಾನೇ ಬಿಚ್ದೆ.”

ಕಿರುಚಿದ್ದು ಕೇಳಿ ಅಪ್ಪ ಮೆಟ್ಟಿಲಿಳಿದು ಓಡಿಬಂದ. ಬಟ್ಟೆ ನೋಡಿದ, ನನ್ನ ಮುಖ ನೋಡಿದ. ನೆಲದ ಮೇಲೆ ಕೂತುಬಿಟ್ಟ. “ಅಮ್ಮ, ದೊಡ್ಡಮ್ಮ ಹೋಗ್ಬಿಟ್ರು.”

“ನಾನು ಬಿಚ್ಚಿದ್ದಕ್ಕಾ?” ಎಂದು ನೀನು ಕೇಳಿದೆ. ನಾನು ಬಟ್ಟೆಯನ್ನೂ ಯೂರೋವನ್ನೂ ಎತ್ತಿ ಗೂಡಿಗೆ ಸೇರಿಸಿದೆ. ಫೋನಿನಲ್ಲೇ ಅಕ್ಕನನ್ನು ಸುಡುವುದನ್ನು ನೋಡಿದೆವು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು, ಮುಖ ಕಾಣಲಿಲ್ಲ. ನೀನು ಆ ಸಿನಿಮಾ ಮುಗಿಸಲೇ ಇಲ್ಲ.

ಅಕ್ಕನ ತಿಥಿಯ ದಿನ ಅವಳ ಮಗ ಫೋನಿನಲ್ಲಿ ಹೇಳಿದ, “ಬೆಳಕು ಹರಿಯೋ ಹೊತ್ಗೆ ಅವ್ವ ಹೋದ್ಲು ಚಿಕ್ಕವ್ವ. ನಿನ್ ಮಗಂಗೆ ಆಗ್ಲೇ ಮಾಡಿದ್ನಲ್ಲ ಫೋನು.” ಮಂಡ್ಯದಲ್ಲಿ ಬೆಳಕು ಹರಿಯುವಾಗ ಇಲ್ಲಿ ಇನ್ನೂ ಕತ್ತಲೆ, ನೀವು ಹಾಸಿಗೆಯಲ್ಲಿ. ಅಪ್ಪನನ್ನು ಕೇಳಿದೆ. “ನೀನೊಂದು ತುತ್ತು ತಿನ್ಲಿ ಅಂತ ಸುಮ್ನಿದ್ದೆ ಅಮ್ಮ,” ಎಂದ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಹಸಿದ ಹೊಟ್ಟೆಗೆ ಹೇಳುವುದಿಲ್ಲ. ಅಂದು ನನಗೆ ಎರಡೆರಡು ಸಲ ಸಾರು ಬಡಿಸಿ, ತಾನು ಉಣ್ಣದೆ ನಿಂತಿದ್ದ. ಊಟವಾದ ಮೇಲೂ ಅವನಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನೀವು ನನ್ನನ್ನು ಎಳೆದೊಯ್ದಿರಿ.

ಅಂದರೆ ನೀನು ಗಂಟು ಬಿಚ್ಚುವಾಗ ಅಕ್ಕ ಇರಲೇ ಇಲ್ಲ, ಪುಟ್ಟಿ. ನಾನು ಬಾ ಬಾ ಎಂದು ಕರೆದದ್ದು ಸತ್ತವಳನ್ನೇ. ಅವಳು ಬರಲಿಲ್ಲ, ಯಾರನ್ನೂ ಕರೆದೊಯ್ಯಲಿಲ್ಲ. ಆ ಯೂರೋ ಇನ್ನೂ ಗೂಡಿನಲ್ಲಿದೆ. ಬೇಡಿದ್ದನ್ನು ದೇವರು ಕೊಡದ ಮೇಲೆ ಅದನ್ನು ಯಾರಿಗೆ ಒಪ್ಪಿಸಲಿ?

ಈ ಹಾಳೆಗಳನ್ನು ಅದೇ ಹಳದಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ್ದೇನೆ. ಇದನ್ನು ಓದುತ್ತಿದ್ದೀಯ ಎಂದರೆ ಗಂಟನ್ನು ನೀನೇ ಬಿಚ್ಚಿದ್ದೀಯ. ಓದಿಯಾದ ಮೇಲೆ ಮತ್ತೆ ಕಟ್ಟಿ, ಇಬ್ಬರೂ ಜೋಪಾನವಾಗಿ ಎತ್ತಿಟ್ಟುಕೊಳ್ಳಿ.