ಘಾಟಿ ಹತ್ತುವ ಬಸ್ಸಿನ ಸದ್ದು

ಭೂತ, ಪ್ರೇತ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಮೆಡಿಕಲ್ ಕಾಲೇಜಿಗೆ ಸೇರಿ ಎರಡು ಕಪ್ಪೆ ಕೊಯ್ದ ಮೇಲಂತೂ, ಮನುಷ್ಯನೊಳಗೆ ಗುಟ್ಟೆಂಬುದೇ ಇಲ್ಲ ಎಂದು ಪುತ್ತೂರು ಪೇಟೆಯಲ್ಲಿ ಭಾಷಣ ಮಾಡಿದ್ದೆ. ನಾನು ಒಂದನ್ನು ಹತ್ತು ಮಾಡಿ ಹೇಳುವವನೆಂದು ನನ್ನ ತಾಯಿಯೇ ಊರೆಲ್ಲ ಹೇಳಿದ್ದಾರೆ. ಇದೊಂದನ್ನಾದರೂ ಇದ್ದಷ್ಟೇ ಬರೆಯುತ್ತೇನೆ.

ನಮ್ಮ ಕಾಲೇಜಿನಲ್ಲೊಂದು ಪದ್ಧತಿ ಉಂಟು. ವೃತ್ತಿ ಬಿಟ್ಟ ಹಳೆಯ ವಿದ್ಯಾರ್ಥಿಗಳು ತಮ್ಮ ಸ್ಟೆತೊಸ್ಕೋಪನ್ನು ಕಾಲೇಜಿಗೇ ಮರಳಿಸುತ್ತಾರೆ. ಅದು ಹೊಸಬನೊಬ್ಬನ ಕೊರಳಿಗೆ ಬರುತ್ತದೆ. ಪಡೆದವನು ಹಳೆಯ ವಿದ್ಯಾರ್ಥಿಗಳು ನಡೆಸುವ ಉಚಿತ ಶಿಬಿರದಲ್ಲಿ ವರ್ಷಕ್ಕೊಂದು ದಿನ ದುಡಿಯಬೇಕು. ನನಗೆ ಸಿಕ್ಕಿದ್ದಕ್ಕೆ ಕೆಂಪು ರಬ್ಬರಿನ ನಳಿಗೆ. ಮೊದಲು ಅದು ಯಾರದಾಗಿತ್ತೋ ಗೊತ್ತಿಲ್ಲ. ದೀಪಾವಳಿ ರಜೆಯಿಡೀ ನಮ್ಮ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಹೋದ ವರ್ಷದ ಶಿಬಿರ ಸುಳ್ಯದ ಶಾಲೆಯೊಂದರಲ್ಲಿ. ರೋಗಿಗಳ ಸಾಲು ಸಂಪಾಜೆ ಮುಟ್ಟಿತ್ತು. ಅಲ್ಲ, ಶಾಲೆಯ ಬಾವಿ ಮುಟ್ಟಿತ್ತು. ಮೊದಲ ವರ್ಷದವನಾದ ನನಗೆ ಚೀಟಿ ಬರೆಯುವ ಕೆಲಸ. ಸ್ಟೆತೊಸ್ಕೋಪು ಬೆಳಿಗ್ಗೆಯಿಂದ ಕೊರಳಲ್ಲಿ ಹಾರದ ಹಾಗೆ ಬಿದ್ದುಕೊಂಡಿತ್ತು. ಮೂರು ಗಂಟೆಯ ಹೊತ್ತಿಗೆ ಕೈ ಸೋತು, ಮಂಡಿನೋವು ಎಂಬ ಪದದ ಕಾಗುಣಿತವೇ ಮರೆತುಹೋಗಿತ್ತು. ಶಿಬಿರದ ಹಿರಿಯರಾದ ಶೀನಪ್ಪ ಡಾಕ್ಟರು ಬೆಳಿಗ್ಗೆ ಕೂತ ಬೆಂಚಿನಿಂದ ಎದ್ದಿರಲಿಲ್ಲ. ಅವರ ಚಹಾದ ಮೇಲೆ ಕೆನೆ ಕಟ್ಟಿತ್ತು.

ಆಗ ಆಲೆಟ್ಟಿಯ ಕುಶಾಲಪ್ಪ ಬಂದ. ಲಾರಿಗೆ ಮರದ ದಿಮ್ಮಿ ಹೇರುವ ಆಳು. ಮಂಡಿನೋವಿನ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದು ಇಳಿಸಿ ಏದುಸಿರು ಬಿಡುತ್ತಿದ್ದ. ತಾಯಿಯ ಚೀಟಿ ಬರೆಸಿಕೊಂಡು ನನ್ನನ್ನೇ ನೋಡಿದ.

“ಡಾಕ್ಟ್ರೆ, ಕುತ್ತಿಗೆಯಲ್ಲಿರುದು ಬರೀ ಚಂದಕ್ಕಾ?”

“ಕೂತ್ಕೊ ಮಾರಾಯ, ತೋರಿಸ್ತೇನೆ.”

ಎದೆಯೊಳಗೆ ಕಪ್ಪೆ ಉಂಟು ಎಂದು ಹೇಳಿ ನಗಿಸುವುದು ನನ್ನ ಯೋಚನೆ. ಅವನ ಎದೆಗಿಟ್ಟೆ. ಕೇಳಿಸಿತು. ಹ್ಯಾಂಡಲ್ ಹೊಡೆದು ಎಬ್ಬಿಸಿದ ಹಳೇ ಬಸ್ಸು ತುಂಬಿದ ಜನರನ್ನು ಹೊತ್ತು ಸಂಪಾಜೆ ಘಾಟಿ ಹತ್ತುವಾಗ ಗೊರಗುಟ್ಟುತ್ತದಲ್ಲ, ಹಾಗೆ. ಒಂದೊಂದು ಬಡಿತಕ್ಕೂ ಒಂದೊಂದು ತಿರುವು. ನನಗೆ ನಗೆ ಬರಲಿಲ್ಲ.

“ಇವನ ಎದೆಯಲ್ಲಿ ಬಸ್ಸು ಘಾಟಿ ಹತ್ತುತ್ತಾ ಉಂಟು, ಸರ್,” ಎಂದು ಶೀನಪ್ಪ ಡಾಕ್ಟರನ್ನು ಕರೆದೆ. ಅವರು ನನ್ನದನ್ನೇ ಕಿವಿಗೆ ಹಾಕಿ ಒಂದು ನಿಮಿಷ ಕೂತರು.

“ಎಂತದಪ್ಪ ಇದು? ಎಂತದೂ ಕೇಳುದಿಲ್ಲ.”

ನಳಿಗೆ ಕಳಚಿ ಮೇಜಿಗೆ ಬಡಿದರು. ಹೆಬ್ಬೆರಳುದ್ದದ ಒಣ ಕೆಮ್ಮಣ್ಣಿನ ಮುದ್ದೆ ಬಿತ್ತು. ಒಡೆದರೆ ಒಳಗೆ ಸತ್ತ ಹಸಿರು ಹುಳುಗಳು. ಮೊಳೆಯಲ್ಲಿ ನೇತಾಡುವಾಗ ಕಣಜ ಗೂಡು ಕಟ್ಟಿತ್ತು. ಅದರಲ್ಲಿ ಇರುವೆಯ ಉಸಿರೂ ದಾಟುವಂತಿರಲಿಲ್ಲ.

ಅವರು ತಮ್ಮದನ್ನು ಕುಶಾಲಪ್ಪನ ಎದೆಗಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ನಾಳೆ ಕೆಲಸಕ್ಕೆ ಹೋಗುದುಂಟಾ?”

“ಸಂಪಾಜೆಗೆ. ದಿಮ್ಮಿ ಹೇರ್ಲಿಕ್ಕುಂಟು.”

“ಬೇಡ. ಎದೆಯ ಬಾಗಿಲೊಂದು ಸರಿಯಾಗಿ ತೆರೆಯುದಿಲ್ಲ ನಿನಗೆ. ನೀನು ಬಿದ್ರೆ ಅಮ್ಮನನ್ನು ಹೊರುದು ಯಾರು?”

ಅವನ ತಾಯಿ ಸೆರಗು ಬಾಯಿಗೊತ್ತಿಕೊಂಡರು. ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿ ಎದೆಯ ಆಪರೇಷನ್ ಮಾಡುವವರು ಶೀನಪ್ಪ ಡಾಕ್ಟರ ಸಹಪಾಠಿ. ಅವರಿಗೊಂದು ಕಾಗದ ಬರೆದು ಕುಶಾಲಪ್ಪನ ಕೈಗೆ ಕೊಟ್ಟು, ಆಮೇಲೆ ಶೀನಪ್ಪ ಡಾಕ್ಟರು ನನ್ನ ಕಡೆ ತಿರುಗಿದರು.

“ನಿಂಗೆ ಹೇಗೆ ಗೊತ್ತಾಯ್ತು?”

“ಕೇಳಿದೆ, ಸರ್.”

“ಹ್ಞಾ. ಮಣ್ಣಿನೊಳಗಿಂದ.” ಅವರು ನಗಲಿಲ್ಲ. ಆರಿದ ಚಹಾ ಕುಡಿದು ಮುಂದಿನವರನ್ನು ಕರೆದರು.

ಹಾಸ್ಟೆಲಿನಲ್ಲಿ ಹೇಳಿದೆ. ನನ್ನ ಸುಳ್ಳುಗಳಿಗೆಲ್ಲ ತಲೆದೂಗಿದವರೇ ಈ ನಿಜಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಏದುಸಿರು ನೋಡಿ ಊಹಿಸಿರಬೇಕೆಂದು ನಾನೇ ನನಗೆ ಹೇಳಿಕೊಂಡೆ. ಆದರೆ ಊಹಿಸುವಷ್ಟು ವಿದ್ಯೆ ಆಗ ನನ್ನಲ್ಲಿರಲಿಲ್ಲ.

ಈ ವರ್ಷ ಶಿಬಿರ ಕಡಬದಲ್ಲಿ. ದಿನ ಮುಗಿದು ಬೆಂಚಿಗೆ ತಲೆಯಾನಿಸಿದ್ದೆ. ಕುಶಾಲಪ್ಪ ತಾನಾಗಿಯೇ ಬಂದು ಅಂಗಿ ಎತ್ತಿದ. ಎಡ ಮೊಲೆಯ ಕೆಳಗೆ ಉದ್ದನೆಯ ಹೊಲಿಗೆಯ ಗುರುತು.

“ಡಾಕ್ಟ್ರೆ, ಬಸ್ಸು ಈಗ ಎಲ್ಲಿಗೆ ಮುಟ್ಟಿತು ನೋಡಿ.”

ನಳಿಗೆ ತೊಳೆದು ಶುಚಿ ಮಾಡಿದ್ದೆ. ಇಟ್ಟೆ. ಬಡಿತವೇನೋ ಕೇಳಿಸಿತು, ಆದರೆ ಎಲ್ಲೋ ದೂರದಲ್ಲಿ, ಮಸುಕಾಗಿ. ಮಣ್ಣು ತುಂಬಿದ್ದ ದಿನ ಕೇಳಿಸಿದಷ್ಟು ಸ್ಪಷ್ಟವಾಗಿ ಅದು ಮತ್ತೆ ಕೇಳಿಸಲೇ ಇಲ್ಲ.

“ಘಾಟಿ ದಾಟಿತು,” ಎಂದೆ.