ಎಡಕ್ಕೆ ಬಿದ್ದ ಎರಡು ಹೂ

ಮಾದಪ್ಪನ ಒಕ್ಕಲಿನವರೆಲ್ಲರಿಗೂ ಗುಂಡ್ಲುಪೇಟೆ ಸೀಮೆಯ ಒಬ್ಬ ಟೈಲರ್ ಹೆಂಗಸಿನ ಶರಣು.

ಹೋದ ವರ್ಷ ನನ್ನ ಎಡಗಿವಿ ಸೋರಲು ಶುರುವಾಯಿತು. ಎಂಥ ನಾತ ಅಂತೀರಿ! ಬ್ಲೌಸ್ ಅಳತೆ ಕೊಡಲು ಬಂದವರು ಮುಖ ತಿರುಗಿಸುತ್ತಿದ್ದರು. ನಾನೋ ಮಹಾ ಹಟದವಳು. ನಮ್ಮೂರ ಮಾದಪ್ಪನ ಗುಡಿಯಲ್ಲಿ ಹರಕೆ ಹೊತ್ತುಬಿಟ್ಟೆ: ನಲವತ್ತೆಂಟು ದಿನ ನಿನ್ನ ದೀಪಕ್ಕೆ ಎಣ್ಣೆ ಹುಯ್ಯುತ್ತೇನೆ, ಆ ದೀಪದ ಎಣ್ಣೆಯೇ ಕಿವಿಗೆ, ಡಾಕ್ಟರ ಔಷಧಿ ಮುಟ್ಟುವುದಿಲ್ಲ ಎಂದು.

ಇಪ್ಪತ್ತನೆಯ ದಿನ ಎದ್ದು ನಿಂತರೆ ಮನೆಯೇ ತಿರುಗಿತು. ಕಿವಿ ಒತ್ತಿದರೆ ಸಾಕು, ಕಾಲ ಕೆಳಗಿನ ನೆಲ ಜಾರುತ್ತಿತ್ತು. ಯಜಮಾನರು ಬೈದು ಚಾಮರಾಜನಗರದ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ.

ಕಿವಿ ಡಾಕ್ಟರಮ್ಮ ಲೈಟು ಬಿಟ್ಟು ನೋಡಿ, "ಏನಮ್ಮಾ ಇದು, ಬರೀ ಎಣ್ಣೆ ಜಿಡ್ಡು! ಒಳಗೇನಿದೆ ಅಂತಾನೇ ಕಾಣ್ತಿಲ್ಲ" ಎಂದರು. ಜಿಡ್ಡನ್ನೆಲ್ಲ ಸಣ್ಣ ಕೊಳವೆಯಿಂದ ಹೀರಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಸ್ಕ್ಯಾನ್ ಬಂದ ಮೇಲೆ ಕೂರಿಸಿಕೊಂಡು ಹೇಳಿದರು: "ಕ್ಯಾನ್ಸರ್ ಅಲ್ಲ, ಹೆದರಬೇಡಿ. ಕಿವಿ ಪರದೆ ಹಿಂದೆ ಚರ್ಮ ಸೇರ್ಕೊಂಡು ಬಿಳೀ ಗಂಟಾಗಿ ಬೆಳೆದಿದೆ. ಸುತ್ತಲಿನ ಮೂಳೆ ತಿಂತಾ ಇದೆ. ಬಿಟ್ರೆ ಬಾಯಿ ಸೊಟ್ಟಗಾಗ್ಬೋದು, ಮೆದುಳಿಗೂ ತೊಂದರೆ. ಆಪರೇಷನ್ ಆಗ್ಲೇಬೇಕು. ಇನ್ನೊಂದು ತೊಟ್ಟು ಎಣ್ಣೆ ಹಾಕ್ಬೇಡಿ."

ಅಯ್ಯೋ ನನ್ನ ಗತಿಯೇ! ಹರಕೆ ಬಿಟ್ಟರೆ ಮಾದಪ್ಪ ಮುನಿಯುತ್ತಾನೆ, ಬಿಡದಿದ್ದರೆ ಗಂಟು ತಿನ್ನುತ್ತದೆ. ನನ್ನ ಕೊರಳಿಗೆ ನಾನೇ ಹಾಕಿಕೊಂಡ ಹಗ್ಗ, ಯಾರನ್ನು ಬೈಯಲಿ? ಮೂರು ದಿನ ಅನ್ನ ಸೇರಲಿಲ್ಲ. "ಇನ್ನೂ ಏನ್ ಯೋಚ್ನೆ ಮಾಡೀಯೆ? ಆಸ್ಪತ್ರೆಗೆ ಓಗನ ಬಾ" ಎಂದು ಯಜಮಾನರು ಕರೆದರೂ ಹೊಲಿಗೆ ಮಿಷನ್ನಿನ ಮುಂದಿನಿಂದ ಏಳಲಿಲ್ಲ.

ಸೋಮವಾರ ಗುಡಿಗೆ ಹೋಗಿ ಹೂ ಕೇಳಿದೆ. ದೇವರ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. "ಹರಕೆ ಬಿಡಲಾ, ತಂದೆ?" ಹೂ ಎಡಕ್ಕೆ ಬಿತ್ತು. ಹಾಗಾದರೆ ಸಾಯಲಾ ಎಂದು ಅಲ್ಲೇ ಕುಸಿದು, ಡಾಕ್ಟರಮ್ಮ ಅಂದದ್ದನ್ನೆಲ್ಲ ಹೇಳಿಕೊಂಡು ಗೋಳೋ ಎಂದು ಅತ್ತೆ.

ಪೂಜೆ ಮಾಡುವ ತಮ್ಮಡಿ, ವಯಸ್ಸಾದವರು, ಗದರಿಸಿದರು: "ಅಳ್ಬ್ಯಾಡ ಕಣಮ್ಮಿ. ಎಣ್ಣೆಯ ಕಿವಿಗೆ ಬುಡ್ಲಾ ಅಂತ ಕೇಳು."

ಕೇಳಿದೆ. ಅದೂ ಎಡಕ್ಕೇ ಬಿತ್ತು!

"ನೋಡ್ದಾ? ಅರಕೆ ಬುಡ್ಬ್ಯಾಡ ಅಂದ, ಕಿವಿಗೂ ಬುಡ್ಬ್ಯಾಡ ಅಂದ. ಎಣ್ಣೆಯ ದೀಪಕ್ಕೆ ಉಯ್ಯಿ, ಕಿವಿಯ ಡಾಕ್ಟ್ರಿಗೆ ತೋರ್ಸು. ಔಸ್ತಿ ಮುಟ್ಟಲ್ಲ ಅಂದೋಳು ನೀನು, ಅವನಲ್ಲ ಕಣಮ್ಮಿ."

ಎಷ್ಟೋ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ. ಅದೇ ವಾರ ಆಸ್ಪತ್ರೆ ಸೇರಿದೆ. ನಾನು ಅಲ್ಲಿದ್ದಷ್ಟು ದಿನ ಯಜಮಾನರು ನನ್ನ ಬದಲು ದೀಪಕ್ಕೆ ಎಣ್ಣೆ ಹುಯ್ದರು. ಆಪರೇಷನ್ ಮಾಡಿ ಗಂಟು ತೆಗೆದರು; ಅದು ಮುಖದ ನರಕ್ಕೆ ತಾಗುವಷ್ಟು ಹತ್ತಿರ ಬಂದಿತ್ತಂತೆ. ಆ ಕಿವಿಯಲ್ಲಿ ಈಗ ಅರ್ಧವೂ ಕೇಳಿಸುವುದಿಲ್ಲ, ಸುಳ್ಳೇಕೆ ಹೇಳಲಿ. ಮತ್ತೆ ಬೆಳೆಯದಂತೆ ಆಗಾಗ ತೋರಿಸಿ ಬರುತ್ತೇನೆ.

ನಲವತ್ತೆಂಟನೆಯ ದಿನ ತಲೆಗೆ ಪಟ್ಟಿ ಕಟ್ಟಿಕೊಂಡೇ ಗುಡಿಗೆ ಹೋದೆ. ಯಜಮಾನರ ತೋಳು ಹಿಡಿದು ನಿಂತು, ಸೊಟ್ಟಗಾಗದೆ ಉಳಿದ ಈ ಬಾಯಿಂದ, ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದೆ: ಉಘೇ ಮಾದಪ್ಪ!