ಏನೂ ಹೇಳದಿದ್ದರೆ

ಮಾಳಮಡ್ಡಿಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಕಂಪ್ಯೂಟರ್ ಕೆಲಸದವಳು. ‘ಪ್ಯಾಟಿಗೆ ಹೊಂಟೇನಿ, ಏನರ ಬೇಕಿದ್ರ ಹೇಳವಾ’ ಎಂದರೆ ಉಗುರು ಕಚ್ಚುತ್ತ, ‘ಏನೂ ಹೇಳ್ಲಿಲ್ಲಂದ್ರ ಏನ್ ತರ್ತೀರಿ, ಅಕ್ಕಾರ?’ ಎನ್ನುವಳು.

‘ಇಡೀ ಪ್ಯಾಟಿ ಹೊತ್ಕೊಂಡು ಬರ್ತೇನಿ!’ ಎಂದು ನಗುತ್ತಿದ್ದೆ.

ಒಂದು ಮಧ್ಯಾಹ್ನ ಬೆವೆತು ಇಳಿದು ಬಂದವಳು ದೇವರ ಜಗಲಿಯ ಮುಂದೆ ಕುಸಿದಳು. ದವಾಖಾನೆಯೊಂದರ ರೋಗಿಗಳ ದಾಖಲೆ ಹುಡುಕಲು, ಅಳಿಸಲು ಅವಳಿಗೊಂದು ಲೈಬ್ರರಿ ಬೇಕಿತ್ತು. ನಾವು ತುಂಬಿದ ವಿವರದಂತೆ ಕಂಪ್ಯೂಟರಿಗೆ ಅಪ್ಪಣೆ ಜೋಡಿಸಿಕೊಡುವ ಪ್ರೋಗ್ರಾಮು ಅದು. ಪುಕ್ಕಟೆ ಸಿಗುವ ಎರಡನ್ನು ಹೋಲಿಸುತ್ತಿದ್ದಳಂತೆ.

‘ಯಾರನ್ನ ಅಳಸ್ಬೇಕು ಅನ್ನೋ ಜಾಗಾ ಖಾಲಿ ಬಿಟ್ಟೆ. ಒಂದು “ಯಾರನ್ನ?” ಅಂತ ಕೇಳಿ ನಿಂತಿತ್ರಿ. ಇನ್ನೊಂದು ಎಲ್ಲಾರ್ನೂ ಅಳಿಸಿಬಿಟ್ತು.’

‘ಖರೇ ದಾಖಲೇನ?’

‘ನಕಲಿನ ಮ್ಯಾಲ ಮಾಡಿದ್ನೋ, ಅಸಲಿನ ಮ್ಯಾಲೋ… ನೋಡಾಕ ಧೈರ್ಯ ಇಲ್ರಿ.’

ಅವಳ ಹಣೆಗೆ ವಿಭೂತಿ ಹಚ್ಚಿ, ಕೈಹಿಡಿದು ಮೇಲೆ ಹತ್ತಿದೆ. ಅಳಿದದ್ದು ನಕಲು. ಶಿವ ಅಷ್ಟು ಉಳಿಸಿದ. ಕೇಳಿ ನಿಂತ ಲೈಬ್ರರಿಯನ್ನೇ ಅವಳು ಆರಿಸಿಕೊಂಡಳು.

ಅವಳು ಮನೆ ಬಿಟ್ಟು ಬಹಳ ದಿನವಾಯಿತು. ಮೊದಲೆಲ್ಲ ಜಗಲಿಯ ಮುಂದೆ ಸುಮ್ಮನೆ ಕೈಮುಗಿದು ಏಳುತ್ತಿದ್ದೆ. ಈಗ, ಖಾಲಿ ಬಿಟ್ಟರೆ ಆತ ಏನೆಂದು ತಿಳಿಯುತ್ತಾನೋ ಎಂಬ ಹೆದರಿಕೆ. ‘ಕಾಯಪ್ಪಾ’ ಎಂದು, ಒಬ್ಬೊಬ್ಬರ ಹೆಸರೂ ಹೇಳುತ್ತೇನೆ. ಅವಳದನ್ನೂ.